ಫ್ಲಾಟ್ 2ಇ4 ಇಪ್ಪತ್ತು ಸಾವಿರ ಆಗಬಾರದು ಅಂದರೆ: ಸಿಎಸ್‌ವಿಯನ್ನು ಎಕ್ಸೆಲ್ ಮಾಡಲು ಯಾವ ಟೂಲ್ ಸರಿ?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆ ನಂಬರು ಬರೆಯುವುದು ಹೀಗೆ: ಮೊದಲು ಮಹಡಿ, ಆಮೇಲೆ ಬ್ಲಾಕು, ಕೊನೆಗೆ ಮನೆ. ಎರಡನೇ ಮಹಡಿ, ಇ ಬ್ಲಾಕು, ನಾಲ್ಕನೇ ಮನೆ ಅಂದರೆ 2ಇ4, ಫೈಲಿನಲ್ಲಿ ಇರುವುದು ಇಂಗ್ಲಿಷಿನ ಇ. ಒಂದು ತಿಂಗಳು ಮೇಂಟೆನೆನ್ಸ್ ಬಾಕಿ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದ ಸಾದಾ ಟೆಕ್ಸ್ಟ್ ಪಟ್ಟಿ) ಇಳಿಸಿಕೊಂಡೆ, ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಒಂದು ಸಾಲು ಹೊಡೆದೆ, ಎಕ್ಸೆಲ್ ಫೈಲು ಬಂತು, ವಾಟ್ಸಾಪ್ ಗುಂಪಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಇ ಬ್ಲಾಕಿನ ಆಂಟಿ ಫೋನು. “ಏನಪ್ಪಾ, ನಮ್ಮನೆ ನಂಬರೇ ಕಾಣ್ತಿಲ್ಲ. ಅಲ್ಲೇನೋ 2.00ಇ+04 ಅಂತಿದೆ. ಮುಟ್ಟಿದ್ರೆ ಇಪ್ಪತ್ತು ಸಾವಿರ ಅನ್ನುತ್ತೆ. ಅಷ್ಟು ಬಾಕಿನಾ ನಮ್ದು?”

ಬಾಕಿ ಏನೂ ಇರಲಿಲ್ಲ. ಟೂಲು 2ಇ4 ಅನ್ನುವುದನ್ನು ಗಣಿತದ ಸಂಖ್ಯೆ ಅಂದುಕೊಂಡಿತ್ತು. ಎರಡರ ಮುಂದೆ ನಾಲ್ಕು ಸೊನ್ನೆ. ಎ ಬ್ಲಾಕು, ಬಿ ಬ್ಲಾಕಿನವರಿಗೆ ಈ ತೊಂದರೆ ಬರಲಿಲ್ಲ, ಇ ಬ್ಲಾಕಿಗೆ ಮಾತ್ರ.

ಅದಾದ ಮೇಲೆ ಈ ಪ್ರಶ್ನೆಯನ್ನು ಬೇರೆ ಬೇರೆಯವರು ಕೇಳುತ್ತಲೇ ಇದ್ದಾರೆ. ಪೀಣ್ಯದಲ್ಲಿ ವರ್ಕ್‌ಶಾಪ್ ಇಟ್ಟಿರುವ ಗೆಳೆಯ, ಆಡಿಟರ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿರುವ ತಂಗಿ, ಡೇಟಾ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು. “ಲಿಬ್ರೆಆಫೀಸ್ ಸಾಕಾ, ಪೈಥಾನ್ ಕಲೀಬೇಕಾ, ಡಕ್‌ಡಿಬಿ ಅಂತಾರಲ್ಲ ಅದೇನು?” ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ತಿಂಗಳಿಗೆ ಒಂದೇ ಫೈಲು ಮಾಡುವುದಿದ್ದರೆ, ಕೈಯಲ್ಲಿ ಎಕ್ಸೆಲ್ ಇದ್ದರೆ, ಕಮಾಂಡ್ ಲೈನ್ ಸಹವಾಸವೇ ಬೇಡ. ಎಕ್ಸೆಲ್‌ನ ಡೇಟಾ ಟ್ಯಾಬಿನಲ್ಲಿ ಸಿಎಸ್‌ವಿಯಿಂದ ತರುವ ದಾರಿ ಇದೆ. ಅಲ್ಲಿ ಯಾವ ಕಾಲಂ ಟೆಕ್ಸ್ಟ್, ಯಾವುದು ತಾರೀಖು ಅಂತ ಹೇಳಬಹುದು. ತಾನಾಗಿಯೇ ಬದಲಾಯಿಸುವುದನ್ನು ನಿಲ್ಲಿಸುವ ಸೆಟ್ಟಿಂಗ್ ಕೂಡ 2023ರಿಂದ ಹೊಸ ಎಕ್ಸೆಲ್‌ಗಳಲ್ಲಿ ಬಂದಿದೆ. ದಿನಾ ಇಪ್ಪತ್ತು ಫೈಲು ಬರುತ್ತವೆ, ರಾತ್ರಿ ತಾನಾಗಿಯೇ ಆಗಬೇಕು, ಅಥವಾ ಫೈಲು ಎಕ್ಸೆಲ್ ಇಲ್ಲದ ಸರ್ವರಿನಲ್ಲಿ ಕೂತಿದೆ ಅನ್ನುವವರು ಮುಂದೆ ಓದಿ.

ಏನನ್ನು ನೋಡಿ ಆರಿಸಬೇಕು

ಟೂಲ್‌ಗಳ ಬಗ್ಗೆ ಓದಲು ಹೋದರೆ ಎಲ್ಲರೂ ವೇಗದ ಮಾತೇ ಆಡುತ್ತಾರೆ. ಸಾವಿರ ಸಾಲಿನ ಫೈಲಿಗೆ ಎರಡು ಸೆಕೆಂಡು ಆದರೇನು, ಅರ್ಧ ಸೆಕೆಂಡು ಆದರೇನು? ನಾನು ಮೊದಲು ನೋಡುವುದು ಬೇರೆ: ಟೂಲು ಊಹೆ ಮಾಡುತ್ತದಾ, ಹೇಳಿದ್ದನ್ನು ಕೇಳುತ್ತದಾ?

ಸಿಎಸ್‌ವಿ ಅಂದರೆ ಬರೀ ಅಕ್ಷರಗಳ ಸಾಲು. ಅಲ್ಲಿ 0901 ಅಂತಿದ್ದರೆ ಅದು ನಾಲ್ಕು ಅಕ್ಷರ, ಅಷ್ಟೇ. ಎಕ್ಸೆಲ್ ಫೈಲಿನಲ್ಲಿ ಹಾಗಲ್ಲ. ಶೀಟಿನ ಪ್ರತಿ ಮನೆಯಲ್ಲೂ, ಅಂದರೆ ಪ್ರತಿ ಸೆಲ್ಲಿನಲ್ಲೂ, ಇದು ಸಂಖ್ಯೆ, ಇದು ಟೆಕ್ಸ್ಟ್ ಅಂತ ಗುರುತು ಬೀಳುತ್ತದೆ. ಆ ಗುರುತು ಹಾಕುವುದು ಬದಲಾಯಿಸುವ ಟೂಲು. 0901 ಅನ್ನುವುದು ಜಿಎಸ್‌ಟಿ ಬಿಲ್ಲಿನಲ್ಲಿ ಸರಕು ಗುರುತಿಸುವ ನಂಬರು, ಕಾಫಿಯ ಎಚ್‌ಎಸ್‌ಎನ್ ಕೋಡು. ಕಾಫಿಪುಡಿ ಅಂಗಡಿಯ ಬಿಲ್ ಪಟ್ಟಿಯಲ್ಲಿ ಅದು 901 ಆಗಿ ಕೂತರೆ ಸೊನ್ನೆ ಹೋಯಿತು. ಆಮೇಲೆ ಆ ಕಾಲಮನ್ನು ಟೆಕ್ಸ್ಟ್ ಅಂತ ಬದಲಾಯಿಸಿದರೂ ಹೋದ ಸೊನ್ನೆ ವಾಪಸ್ ಬರುವುದಿಲ್ಲ. 080ಯಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರಿಗೂ ಇದೇ ಗತಿ. ನಮ್ಮೂರಿನ ಹಳೇ ಬಡಾವಣೆಗಳ ಮನೆ ನಂಬರು 12/3 ಅಂತ ಇರುತ್ತದಲ್ವಾ, ಅದು ಮಾರ್ಚ್ 12 ಆಗಿಬಿಡುತ್ತದೆ.

ಇದಕ್ಕಿಂತ ಕೆಟ್ಟದ್ದು ಬ್ಯಾಂಕ್ ಖಾತೆ ನಂಬರು. ಎಕ್ಸೆಲ್ ಸಂಖ್ಯೆಗಳಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. ಕೆಲವು ಬ್ಯಾಂಕುಗಳ ಖಾತೆ ನಂಬರು 16 ಅಂಕಿ. ಹದಿನಾರನೆಯದು ಸೊನ್ನೆ ಆಗುತ್ತದೆ. ಪೀಣ್ಯದ ಗೆಳೆಯನಿಗೆ ಒಮ್ಮೆ ಸಂಬಳದ ಪಟ್ಟಿ ನಾನೇ ಮಾಡಿಕೊಟ್ಟಿದ್ದೆ. ನೋಡಲು ಎಲ್ಲ ಸರಿಯಿತ್ತು. ನಾಲ್ಕು ಜನರ ಸಂಬಳ ವಾಪಸ್ ಬಂತು. ನಾಲ್ಕೂ ಖಾತೆ ಒಂದೇ ಬ್ಯಾಂಕಿನವು, ನಾಲ್ಕರ ಕೊನೆಗೂ ಸೊನ್ನೆ. ತಪ್ಪು ಪೂರ್ತಿ ನನ್ನದೇ. ವಾಪಸ್ ಬಂದಿದ್ದೇ ಪುಣ್ಯ, ಬೇರೆ ಯಾರದೋ ಖಾತೆಗೆ ಹೋಗಿದ್ದರೆ? ಯುಪಿಐ ರೆಫರೆನ್ಸ್ ನಂಬರು 12 ಅಂಕಿ, ಹಾಗಾಗಿ ಅಂಕಿ ಕಳೆದುಹೋಗುವುದಿಲ್ಲ. ಆದರೆ ಎಕ್ಸೆಲ್ ಅದನ್ನು 4.12ಇ+11 ಅಂತ ಮೊಟಕಾಗಿಸಿ ತೋರಿಸುತ್ತದೆ, ಹುಡುಕುವವರಿಗೆ ತಲೆನೋವು.

ಇದೇನು ನಮ್ಮಂಥವರದ್ದು ಮಾತ್ರ ಗೋಳಲ್ಲ. ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಹೆಸರಿಡುವ ನಿಯಮವನ್ನೇ ತಿದ್ದಿತು. ಮಾರ್ಚ್1, ಸೆಪ್ಟ್1 ಅನ್ನುವ ಜೀನ್ ಹೆಸರುಗಳನ್ನು ಎಕ್ಸೆಲ್ ತಾರೀಖು ಮಾಡಿಬಿಡುತ್ತಿತ್ತು ಅಂತ ಅವುಗಳ ಹೆಸರೇ ಬದಲಾಯಿತು.

ಊಹೆಯಲ್ಲೂ ಎರಡು ಬಗೆ. ಕೆಲವು ಟೂಲು ಒಂದೊಂದು ಮನೆಯನ್ನೂ ಬೇರೆಬೇರೆ ನೋಡುತ್ತವೆ. ಕೆಲವು ಇಡೀ ಕಾಲಮನ್ನು ನೋಡಿ ತೀರ್ಮಾನ ಮಾಡುತ್ತವೆ. ಎರಡನೇ ಬಗೆಯದಕ್ಕೆ ನಮ್ಮ ಫ್ಲಾಟ್ ಪಟ್ಟಿ ಕೊಟ್ಟರೆ, ಅದೇ ಕಾಲಮಿನಲ್ಲಿ 2ಎ4 ಕೂಡ ಇರುವುದರಿಂದ ಎಲ್ಲವನ್ನೂ ಟೆಕ್ಸ್ಟ್ ಅಂತ ಬಿಡುತ್ತದೆ. ಆಂಟಿ ಬಚಾವ್. ಆದರೆ ಎಚ್‌ಎಸ್‌ಎನ್ ಕಾಲಮಿನಲ್ಲಿ ಇರುವುದೆಲ್ಲ ಅಂಕಿಯೇ. ಅಲ್ಲಿ ಎರಡು ಬಗೆಯವೂ ಸೊನ್ನೆ ತಿನ್ನುತ್ತವೆ.

ಆಮೇಲೆ ನೋಡಬೇಕಾದ್ದು ಕನ್ನಡ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಈಗಿನ ಪದ್ಧತಿ) ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. “ಮನೆ” ಅನ್ನುವುದು ಮ, ನ, ಮತ್ತು ಎತ್ವ, ಒಟ್ಟು ಒಂಬತ್ತು ಬೈಟ್. ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ ಎಕ್ಸೆಲ್ ಅದನ್ನು ಇಂಗ್ಲಿಷ್ ಮಾದರಿಯ ಹಳೇ ಲಿಪಿ ಅಂದುಕೊಂಡರೆ, ಒಂದು ಪುಟ್ಟ ಪದದ ಜಾಗದಲ್ಲಿ ಒಂಬತ್ತು ಚಿತ್ರವಿಚಿತ್ರ ಗುರುತು ಕಾಣುತ್ತವೆ. ಎಕ್ಸ್‌ಎಲ್‌ಎಸ್‌ಎಕ್ಸ್ ಅನ್ನುವ ಈಗಿನ ಬಗೆಯ ಎಕ್ಸೆಲ್ ಫೈಲಿನಲ್ಲಿ ಈ ಗೊಂದಲ ಇಲ್ಲ, ಅದರೊಳಗೆ ಲಿಪಿ ಯಾವುದು ಅಂತ ಬರೆದೇ ಇರುತ್ತದೆ. ಹಾಗಾಗಿ ಓದುವ ಹೊತ್ತಿನಲ್ಲಿ ಟೂಲಿಗೆ ಯುಟಿಎಫ್-8 ಅಂತ ಸರಿಯಾಗಿ ಹೇಳಿದರೆ ಮುಗಿಯಿತು. ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಡೇಟಾ ಇದ್ದರೆ ಮಾತ್ರ ಇಲ್ಲಿ ಹೇಳುವ ಯಾವ ಟೂಲೂ ಕೆಲಸಕ್ಕೆ ಬರುವುದಿಲ್ಲ. ಅದನ್ನು ಮೊದಲು ಯೂನಿಕೋಡ್ ಮಾಡಿಕೊಂಡು ಬನ್ನಿ.

ಗಾತ್ರದ ವಿಷಯ ಚಿಕ್ಕದು, ಆದರೆ ಮರೆತರೆ ದುಬಾರಿ. ಎಕ್ಸ್‌ಎಲ್‌ಎಸ್‌ಎಕ್ಸ್‌ನ ಒಂದು ಶೀಟಿನಲ್ಲಿ 10,48,576 ಸಾಲು, 16,384 ಕಾಲಂ. ಹಳೇ ಎಕ್ಸ್‌ಎಲ್‌ಎಸ್‌ನಲ್ಲಿ ಬರೀ 65,536 ಸಾಲು. ಇಂಗ್ಲೆಂಡಿನಲ್ಲಿ 2020ರ ಅಕ್ಟೋಬರಿನಲ್ಲಿ 15,841 ಕೋವಿಡ್ ಕೇಸುಗಳು ಲೆಕ್ಕದಿಂದ ತಪ್ಪಿಹೋಗಿದ್ದು ಬೆಳಕಿಗೆ ಬಂತು. ಸಿಎಸ್‌ವಿಯನ್ನು ಹಳೇ ಬಗೆಯ ಎಕ್ಸೆಲ್ ಫೈಲಿಗೆ ತುಂಬುವಾಗ ಜಾಗ ಮುಗಿದು, ಉಳಿದ ಸಾಲುಗಳು ಬಿದ್ದುಹೋಗಿದ್ದವು. ಯಾವ ಟೂಲೇ ಆಗಲಿ, ಕೊನೆಯಲ್ಲಿ ಎಕ್ಸ್ ಇರುವ ಬಗೆಯನ್ನೇ ಕೇಳಿ.

ಉಳಿದದ್ದು ಎರಡು. ಒಂದು, ಫೈಲು ಚೆನ್ನಾಗಿ ಕಾಣಬೇಕಾ, ಅಂದರೆ ತಲೆಸಾಲು ದಪ್ಪ ಅಕ್ಷರ, ಕಾಲಂ ಅಗಲ, ಒಂದೇ ಫೈಲಿನಲ್ಲಿ ಹಲವು ಶೀಟು. ಇನ್ನೊಂದು, ನೀವು ರಜೆ ಹಾಕಿದ ದಿನ ಇದನ್ನು ಓಡಿಸುವವರು ಯಾರು. ದುಡ್ಡಿನ ಮಾತು ಬರುವುದಿಲ್ಲ, ಮುಂದೆ ಹೇಳುವ ಎಲ್ಲವೂ ಬಿಟ್ಟಿ. ಖರ್ಚಾಗುವುದು ನಿಮ್ಮ ಸಮಯ.

ಲಿಬ್ರೆಆಫೀಸ್

ಎಕ್ಸೆಲ್ ಥರದ್ದೇ ಸ್ಪ್ರೆಡ್‌ಶೀಟ್ ಇರುವ ಬಿಟ್ಟಿ ಆಫೀಸ್ ಸಾಫ್ಟ್‌ವೇರ್ ಇದು, ಕೆಲವರ ಕಂಪ್ಯೂಟರಿನಲ್ಲಿ ಆಗಲೇ ಇರುತ್ತದೆ. ಉಬುಂಟು ಲಿನಕ್ಸನ್ನು ಪೂರ್ತಿ ಇನ್‌ಸ್ಟಾಲ್ ಮಾಡಿಕೊಂಡಿದ್ದರಂತೂ ಹುಡುಕುವುದೇ ಬೇಡ. ಕಿಟಕಿ ತೆರೆಯದೆ, ಹೆಡ್‌ಲೆಸ್ ಅನ್ನುವ ರೀತಿಯಲ್ಲಿ ಓಡಿಸಿ ಫೈಲು ಬದಲಾಯಿಸಬಹುದು. ಒಂದು ಫೋಲ್ಡರಿನ ಎಲ್ಲ ಸಿಎಸ್‌ವಿಗಳನ್ನೂ ಒಂದೇ ಸಾಲಿನಲ್ಲಿ ಕೊಡಬಹುದು. ಕಲಿಯಲು ಅರ್ಧ ಗಂಟೆ ಸಾಕು.

ಇದು ಮನೆಮನೆ ಊಹೆ ಮಾಡುವ ಗುಂಪಿನದು. ನನ್ನ 2ಇ4 ಹೋಗಿದ್ದು ಇದರ ಕೈಯಲ್ಲೇ. ಆದರೆ ತಪ್ಪು ಅದರದ್ದಲ್ಲ, ಹೇಳಿದ್ದರೆ ಕೇಳುತ್ತಿತ್ತು. ನಾನು ಹೇಳಿರಲಿಲ್ಲ. ಹೇಳುವ ಬಗೆ ಮಾತ್ರ ಮಂತ್ರದ ಹಾಗಿದೆ. ಇನ್‌ಫಿಲ್ಟರ್ ಅನ್ನುವ ಆಯ್ಕೆಗೆ ಇಂಥದ್ದೊಂದು ಸಾಲು ಕೊಡಬೇಕು:

44,34,76,1,1/2/2/4/3/1

44 ಅಂದರೆ ಕಾಲಂ ಬೇರ್ಪಡಿಸುವ ಅಲ್ಪವಿರಾಮದ ಕೋಡು. 34 ಅಂದರೆ ಜೋಡಿ ಉದ್ಧರಣ ಚಿಹ್ನೆ. 76 ಅಂದರೆ ಯುಟಿಎಫ್-8, ನಮ್ಮ ಕನ್ನಡ ಉಳಿಯುವುದು ಈ ಅಂಕಿಯಿಂದ. ಆಮೇಲಿನ 1 ಅಂದರೆ ಮೊದಲ ಸಾಲಿನಿಂದ ಶುರು ಮಾಡು ಅಂತ. ಕೊನೆಯ ತುಂಡನ್ನು ಜೋಡಿಜೋಡಿಯಾಗಿ ಓದಿ: ಕಾಲಂ 1ಕ್ಕೆ ಬಗೆ 2, ಕಾಲಂ 2ಕ್ಕೆ ಬಗೆ 4, ಕಾಲಂ 3ಕ್ಕೆ ಬಗೆ 1. ಬಗೆ 2 ಅಂದರೆ ಟೆಕ್ಸ್ಟ್, ಮುಟ್ಟಬೇಡ. 4 ಅಂದರೆ ದಿನ-ತಿಂಗಳು-ವರ್ಷ ಕ್ರಮದ ತಾರೀಖು. 1 ಅಂದರೆ ನೀನೇ ನೋಡಿಕೋ. ಒಮ್ಮೆ ಬರೆದು ಗೋಡೆಗೆ ಅಂಟಿಸಿಕೊಂಡರೆ ಆಯಿತು.

ತೊಡಕು ಇರುವುದು ಬೇರೆ ಕಡೆ. ಇಲ್ಲಿ ಕಾಲಂ ಗುರುತಿಸುವುದು ಹೆಸರಿನಿಂದಲ್ಲ, ಎಷ್ಟನೆಯದು ಅನ್ನುವುದರಿಂದ. ನಾಳೆ ಬಿಲ್ಲಿಂಗ್ ಸಾಫ್ಟ್‌ವೇರಿನವರು ನಡುವೆ ಒಂದು ಹೊಸ ಕಾಲಂ ತುರುಕಿದರೆ, ನಿಮ್ಮ ಮಂತ್ರ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ತಪ್ಪು ಅಂತ ಅದು ಬಾಯಿ ಬಿಟ್ಟು ಹೇಳುವುದಿಲ್ಲ.

ಇನ್ನೊಂದು ವಿಚಿತ್ರ. ಪಕ್ಕದಲ್ಲಿ ಲಿಬ್ರೆಆಫೀಸ್ ಕಿಟಕಿ ತೆರೆದಿಟ್ಟುಕೊಂಡು ಈ ಕಮಾಂಡ್ ಹೊಡೆದರೆ, ಎಷ್ಟೋ ಸಲ ಏನೂ ಆಗುವುದಿಲ್ಲ. ಫೈಲೂ ಇಲ್ಲ, ಬೈಗುಳವೂ ಇಲ್ಲ. ಮೊದಲ ಸಲ ನಾನು ಇಡೀ ಮಧ್ಯಾಹ್ನ ಕಳೆದೆ. ಕಿಟಕಿ ಮುಚ್ಚಿ ಓಡಿಸಿ, ಇಲ್ಲವೇ ಕಮಾಂಡಿಗೆ ಬೇರೆ ಯೂಸರ್ ಪ್ರೊಫೈಲ್ ಫೋಲ್ಡರ್ ಕೊಡಿ. ಒಂದು ಚಿಕ್ಕ ಫೈಲಿಗೂ ಇಡೀ ಆಫೀಸು ಎದ್ದು ಕೂರಬೇಕಾದ್ದರಿಂದ ಸ್ವಲ್ಪ ನಿಧಾನ. ಲಕ್ಷಗಟ್ಟಲೆ ಸಾಲಿದ್ದರೆ ಕಾಫಿ ಕುಡಿದು ಬನ್ನಿ.

ಎಸ್‌ಎಸ್‌ಕನ್ವರ್ಟ್

ಜಿನ್ಯೂಮೆರಿಕ್ ಅನ್ನುವ ಹಳೇ ಸ್ಪ್ರೆಡ್‌ಶೀಟಿನ ಜೊತೆ ಬರುವ ಪುಟ್ಟ ಟೂಲು. ಆ ಪ್ಯಾಕೇಜ್ ಹಾಕಿಕೊಂಡರೆ ಇದು ಒಳಗೇ ಸಿಗುತ್ತದೆ. ಒಳಗೆ ಬರುವ ಫೈಲು, ಹೊರಗೆ ಹೋಗುವ ಫೈಲು, ಎರಡು ಹೆಸರು ಕೊಟ್ಟರೆ ಮುಗಿಯಿತು. ಲಿಬ್ರೆಆಫೀಸಿಗಿಂತ ಎಷ್ಟೋ ಹಗುರ. ಹನ್ನೆರಡು ತಿಂಗಳ ಹನ್ನೆರಡು ಸಿಎಸ್‌ವಿ ಕೊಟ್ಟು, ಒಂದೇ ಎಕ್ಸೆಲ್‌ನಲ್ಲಿ ಹನ್ನೆರಡು ಶೀಟು ಮಾಡು ಅನ್ನುವ ಮರ್ಜ್ ಆಯ್ಕೆ ಇದೆ. ಅದಕ್ಕಾಗಿಯೇ ನಾನು ಇದನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಆದರೆ ಇದೂ ಮನೆಮನೆ ಊಹಿಸುತ್ತದೆ. ಈ ಕಾಲಂ ಟೆಕ್ಸ್ಟ್ ಅಂತ ಹೇಳಲು ಸುಲಭದ ದಾರಿ ಇಲ್ಲ. ಬರೀ ಹೆಸರು ಮತ್ತು ಮೊತ್ತ ಇರುವ ಪಟ್ಟಿಗೆ ಧಾರಾಳವಾಗಿ ಬಳಸಿ. ಕೋಡು, ಖಾತೆ ನಂಬರು ಇದ್ದರೆ ಹತ್ತಿರಕ್ಕೂ ಸೇರಿಸಬೇಡಿ. ವಿಂಡೋಸ್‌ನವರಿಗೆ ಜಿನ್ಯೂಮೆರಿಕ್‌ನ ಹೊಸ ಇನ್‌ಸ್ಟಾಲರ್ ಬರುವುದು ಎಂದೋ ನಿಂತಿದೆ. ಹಾಗಾಗಿ ಇದು ಲಿನಕ್ಸ್‌ನವರ ಟೂಲು ಅಂತಲೇ ತಿಳಿಯಿರಿ.

ಡಕ್‌ಡಿಬಿ

ಇದು ನಿಜಕ್ಕೂ ಡೇಟಾಬೇಸು. ಆಮ್‌ಸ್ಟರ್‌ಡ್ಯಾಮಿನ ಗಣಿತ-ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು. ಸರ್ವರ್ ಬೇಡ, ಇನ್‌ಸ್ಟಾಲ್ ಅನ್ನುವ ದೊಡ್ಡ ಗಲಾಟೆ ಬೇಡ, ಒಂದೇ ಒಂದು ಪ್ರೋಗ್ರಾಂ ಫೈಲು. 2025ರ ಶುರುವಿನಲ್ಲಿ ಬಂದ 1.2 ಆವೃತ್ತಿಯಿಂದ ನೇರವಾಗಿ ಎಕ್ಸ್‌ಎಲ್‌ಎಸ್‌ಎಕ್ಸ್ ಬರೆಯುತ್ತದೆ. ಅದಕ್ಕೆ ಎಕ್ಸೆಲ್ ಅನ್ನುವ ಎಕ್ಸ್‌ಟೆನ್ಷನ್ ಬೇಕು, ಮೊದಲ ಸಲ ಇಂಟರ್ನೆಟ್ಟಿನಿಂದ ಅದೇ ಇಳಿಸಿಕೊಳ್ಳುತ್ತದೆ. ಆಫೀಸಿನ ಫೈರ್‌ವಾಲ್ ತಡೆದರೆ ಅಲ್ಲೇ ನಿಂತುಹೋಗಬಹುದು, ಮೊದಲೇ ನೋಡಿಕೊಳ್ಳಿ.

ಇದರ ಊಹೆ ಕಾಲಂ ಲೆಕ್ಕದ್ದು. ಸಾಮಾನ್ಯವಾಗಿ ಮೊದಲ 20,480 ಸಾಲು ನೋಡಿ ತೀರ್ಮಾನ ಮಾಡುತ್ತದೆ. ಆಮೇಲೆ ಒಂದು ಸಾಲು ಹೊಂದದಿದ್ದರೆ ಇಂಥ ಸಾಲಿನಲ್ಲಿ ತಪ್ಪಿದೆ ಅಂತ ಕೂಗಿ ನಿಲ್ಲುತ್ತದೆ. ಈ ಕೂಗು ನನಗೆ ತುಂಬಾ ಇಷ್ಟ. ಸುಮ್ನೆ ತಪ್ಪು ಬರೆದುಕೊಟ್ಟು ಹೋಗುವುದಕ್ಕಿಂತ ಬೈದು ನಿಲ್ಲುವುದು ಮೇಲು. 0901ರ ಸೊನ್ನೆ ಉಳಿಸಲು ಎರಡು ದಾರಿ: ಎಲ್ಲವನ್ನೂ ಟೆಕ್ಸ್ಟ್ ಅಂತ ಓದು ಅನ್ನುವ ಒಂದೇ ಆಯ್ಕೆ, ಅಥವಾ ಎಚ್‌ಎಸ್‌ಎನ್ ಕಾಲಮನ್ನು ಮಾತ್ರ ಟೆಕ್ಸ್ಟ್ ಮಾಡು ಅಂತ ಹೆಸರು ಹಿಡಿದು ಹೇಳುವುದು. ಹೆಸರು ಹಿಡಿದು ಹೇಳುವುದರಿಂದ ನಡುವೆ ಹೊಸ ಕಾಲಂ ಬಂದರೂ ಎಡವಟ್ಟಾಗುವುದಿಲ್ಲ. ಒಂದು ಶೀಟಿನಲ್ಲಿ ಹಿಡಿಯದಷ್ಟು ಸಾಲಿದ್ದರೂ ಸದ್ದಿಲ್ಲದೆ ಕತ್ತರಿಸುವುದಿಲ್ಲ, ಆಗುವುದಿಲ್ಲ ಅನ್ನುತ್ತದೆ.

ಇದಕ್ಕೆ ಇನ್ನೊಂದು ಬಲ ಇದೆ. ದೊಡ್ಡ ಫೈಲನ್ನು ಮೊದಲು ಸೋಸಿ, ಬೇಕಾದ್ದನ್ನು ಮಾತ್ರ ಎಕ್ಸೆಲ್ ಮಾಡಬಹುದು. ಐವತ್ತು ಲಕ್ಷ ಸಾಲು ಯಾವ ಶೀಟಿನಲ್ಲೂ ಹಿಡಿಯುವುದಿಲ್ಲ ಸರಿ, ಆದರೆ ಬಾಸ್‌ಗೆ ಬೇಕಾದ್ದು ಜಯನಗರ ಬ್ರಾಂಚಿನ ಲೆಕ್ಕ ಮಾತ್ರ ಅಲ್ವಾ? ಜೇಸನ್, ಪಾರ್ಕೆ ಅನ್ನುವ ಬೇರೆ ಬಗೆಯ ಡೇಟಾ ಫೈಲುಗಳನ್ನೂ ಇದೇ ಓದುತ್ತದೆ. ಇದಕ್ಕೆಲ್ಲ ಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಭಾಷೆ ಸ್ವಲ್ಪ ಗೊತ್ತಿರಬೇಕು. ಗೊತ್ತಿಲ್ಲದವರಿಗೆ ಒಂದು ವಾರಾಂತ್ಯದ ಕೆಲಸ.

ಕೊಡದೇ ಇರುವುದು ಅಂದರೆ ಅಂದಚಂದ. ದಪ್ಪ ತಲೆಸಾಲು, ಬಣ್ಣ, ಕಾಲಂ ಅಗಲ ಏನೂ ಇಲ್ಲ. ಒಂದು ಫೈಲಿಗೆ ಒಂದೇ ಶೀಟು. ಗಿರಾಕಿಗೆ ಹಾಗೇ ಕಳಿಸಿದರೆ ಬೋಳುಬೋಳು ಅನ್ನಿಸುತ್ತದೆ.

ಪೈಥಾನ್: ಪಾಂಡಾಸ್ ಮತ್ತು ಎಕ್ಸ್‌ಎಲ್‌ಎಸ್‌ಎಕ್ಸ್‌ರೈಟರ್

ಪೈಥಾನ್ ಅಂದರೆ ಪ್ರೋಗ್ರಾಂ ಬರೆಯುವ ಭಾಷೆ, ಪಾಂಡಾಸ್ ಅಂದರೆ ಅದರಲ್ಲಿ ಪಟ್ಟಿ ಓದಲು ಸಿಗುವ ಲೈಬ್ರರಿ, ಇನ್ನೊಂದು ಎಕ್ಸೆಲ್ ಫೈಲು ಬರೆಯುವ ಲೈಬ್ರರಿ. ಇದನ್ನು ಟೂಲು ಅನ್ನುವುದಕ್ಕಿಂತ ಸಾಮಾನು ಅನ್ನಬೇಕು, ಟೂಲು ನೀವೇ ಮಾಡಿಕೊಳ್ಳಬೇಕು. ಹತ್ತು ಹನ್ನೆರಡು ಸಾಲಿನ ಸ್ಕ್ರಿಪ್ಟ್ ಬರೆದಿಟ್ಟರೆ ಆಮೇಲೆ ಕಮಾಂಡಿನ ಹಾಗೆ ಓಡಿಸಬಹುದು. ಹಲವು ಶೀಟು, ತಲೆಸಾಲು ಕದಲದಂತೆ ನಿಲ್ಲಿಸುವುದು, ರೂಪಾಯಿ ಗುರುತು, ಲಕ್ಷ-ಕೋಟಿ ರೀತಿಯ ಅಲ್ಪವಿರಾಮ, ಏನು ಬೇಕಾದರೂ ಆಗುತ್ತದೆ. ಬೇರೆ ಮೂರರಲ್ಲಿ ಇಷ್ಟು ಕೈಗೆ ಸಿಗುವುದಿಲ್ಲ.

ಪಾಂಡಾಸ್ ಕೂಡ ಕಾಲಂ ನೋಡಿ ಊಹಿಸುತ್ತದೆ. ಎಲ್ಲವನ್ನೂ ಸ್ಟ್ರಿಂಗ್ ಅಂತ ಓದು ಎಂದು ಹೇಳಿದರೆ ಸೊನ್ನೆ ಉಳಿಯುತ್ತದೆ. ಅಲ್ಲಿಗೇ ಖುಷಿಪಡಬೇಡಿ. ಜಿಎಸ್‌ಟಿ ನಂಬರ್ ಇಲ್ಲದ ಗಿರಾಕಿಗಳ ಮುಂದೆ ಇಂಗ್ಲಿಷಿನಲ್ಲಿ ಎನ್‌ಎ ಅಂತ ಬರೆದಿರುತ್ತಾರಲ್ಲ, ಅದನ್ನು ಪಾಂಡಾಸ್ “ಮಾಹಿತಿ ಇಲ್ಲ” ಅಂತ ಅರ್ಥ ಮಾಡಿಕೊಂಡು ಖಾಲಿ ಬಿಡುತ್ತದೆ. ಸ್ಟ್ರಿಂಗ್ ಅಂತ ಹೇಳಿದ ಮೇಲೂ ಹೀಗೆ ಮಾಡುತ್ತದೆ. ಆ ಅಭ್ಯಾಸ ಬಿಡಿಸಲು ಬೇರೆ ಆಯ್ಕೆ ಇದೆ, ಅದನ್ನೂ ಸೇರಿಸಬೇಕು. ಎಲ್ಲವನ್ನೂ ಟೆಕ್ಸ್ಟ್ ಮಾಡಿದ ಮೇಲೆ ಮೊತ್ತದ ಕಾಲಮನ್ನು ವಾಪಸ್ ಸಂಖ್ಯೆ ಮಾಡುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಕೂಡಿಸಲು ಹೋದಾಗ ಮೊತ್ತ ಸೊನ್ನೆ ಬರುತ್ತದೆ.

ಸಮಾನ ಚಿಹ್ನೆಯಿಂದ ಶುರುವಾಗುವ ಟೆಕ್ಸ್ಟ್ ಇದ್ದರೆ ಅದು ಫಾರ್ಮುಲಾ ಆಗಿಬಿಡುತ್ತದೆ. ಹೊರಗಿನ ಜನ ತುಂಬಿದ ಫಾರ್ಮಿನ ಡೇಟಾ ಆದರೆ ಇದು ಅಪಾಯವೇ, ಯಾರಾದರೂ ಬೇಕೆಂದೇ ಹಾಗೆ ಬರೆಯಬಹುದು. ಎಕ್ಸ್‌ಎಲ್‌ಎಸ್‌ಎಕ್ಸ್‌ರೈಟರ್‌ನಲ್ಲಿ ಇದನ್ನು ನಿಲ್ಲಿಸುವ ಆಯ್ಕೆ ಇದೆ. ವೆಬ್ ವಿಳಾಸಗಳನ್ನು ಲಿಂಕ್ ಮಾಡುವುದನ್ನೂ ನಿಲ್ಲಿಸಬಹುದು. ಎಕ್ಸೆಲ್ ಒಂದು ಶೀಟಿನಲ್ಲಿ 65,530 ಲಿಂಕುಗಳಿಗಿಂತ ಜಾಸ್ತಿ ತಡೆಯುವುದಿಲ್ಲ, ಆದ್ದರಿಂದ ದೊಡ್ಡ ಪಟ್ಟಿಗೆ ನಿಲ್ಲಿಸುವುದೇ ಒಳ್ಳೆಯದು. ಪಾಂಡಾಸ್ ಇಡೀ ಫೈಲನ್ನು ಮೆಮೊರಿಗೆ ಎಳೆದುಕೊಳ್ಳುತ್ತದೆ. ನಾಲ್ಕು ಜಿಬಿ ರ್‍ಯಾಮಿನ ಲ್ಯಾಪ್‌ಟಾಪಿನಲ್ಲಿ ದೊಡ್ಡ ಫೈಲು ತೆರೆದರೆ ಫ್ಯಾನು ಕೂಗಲು ಶುರು. ಆಗ ಪಾಂಡಾಸ್ ಬಿಟ್ಟು, ಎಕ್ಸ್‌ಎಲ್‌ಎಸ್‌ಎಕ್ಸ್‌ರೈಟರ್‌ನ ಕಡಿಮೆ ಮೆಮೊರಿ ರೀತಿಯಲ್ಲಿ ಒಂದೊಂದೇ ಸಾಲು ಬರೆಯಬಹುದು.

ನಿಜವಾದ ಬೆಲೆ ಬೇರೆ. ಸ್ಕ್ರಿಪ್ಟ್ ಬರೆದವರು ಕೆಲಸ ಬಿಟ್ಟು ಹೋದ ಮೇಲೆ ಅದನ್ನು ಮುಟ್ಟಲು ಎಲ್ಲರೂ ಹೆದರುತ್ತಾರೆ. ನಿಮ್ಮ ಆಫೀಸಿನಲ್ಲಿ ಪೈಥಾನ್ ಗೊತ್ತಿರುವ ಇನ್ನೊಬ್ಬರು ಇದ್ದಾರಾ ಅಂತ ಮೊದಲು ನೋಡಿ.

ಕೈ ಹಾಕಬಾರದ ಕಡೆ

ಸಿಎಸ್‌ವಿಕಿಟ್ ಹೆಸರು ಹುಡುಕಾಟದಲ್ಲಿ ಮೇಲೆ ಬರುತ್ತದೆ. ಒಳ್ಳೆಯ ಟೂಲೇ, ಆದರೆ ಅದರ ದಾರಿ ಉಲ್ಟಾ: ಎಕ್ಸೆಲ್ ಕೊಟ್ಟರೆ ಸಿಎಸ್‌ವಿ ಮಾಡಿಕೊಡುತ್ತದೆ. ಮಿಲ್ಲರ್ ಅನ್ನುವ ಇನ್ನೊಂದು ಟೂಲು ಕೂಡ ಎಕ್ಸೆಲ್ ಬರೆಯುವುದಿಲ್ಲ. ಆದರೆ ಒಂದರೊಳಗೆ ಒಂದು ಸೇರಿಕೊಂಡ ಜೇಸನ್ ಕೊಟ್ಟರೆ, ವಿಳಾಸದೊಳಗಿನ ಪಿನ್‌ಕೋಡನ್ನು “ವಿಳಾಸ.ಪಿನ್” ಅಂತ ಚುಕ್ಕಿ ಹಾಕಿ ಚಪ್ಪಟೆ ಮಾಡಿ ಸಿಎಸ್‌ವಿ ಕೊಡುತ್ತದೆ. ಲಿಬ್ರೆಆಫೀಸಿಗೆ ಕೊಡುವ ಮುಂಚೆ ಅದು ಉಪಯೋಗಕ್ಕೆ ಬರುತ್ತದೆ.

ಫೈಲಿನ ಹೆಸರಿನ ಬಾಲವನ್ನು ಸುಮ್ನೆ ಎಕ್ಸ್‌ಎಲ್‌ಎಸ್‌ಎಕ್ಸ್ ಅಂತ ಬದಲಾಯಿಸಿದರೆ ಆಗುವುದಿಲ್ಲ. ಅದು ಒಳಗೆ ಹಲವು ಎಕ್ಸ್‌ಎಂಎಲ್ ಫೈಲು ಇಟ್ಟು ಕಟ್ಟಿದ ಜಿಪ್ ಗಂಟು, ಎಕ್ಸೆಲ್ ತೆರೆಯಲು ಒಪ್ಪುವುದಿಲ್ಲ. ಇನ್ನು ಫೈಲು ಹಾಕಿ, ಎಕ್ಸೆಲ್ ಪಡೆಯಿರಿ ಅನ್ನುವ ಬಿಟ್ಟಿ ವೆಬ್‌ಸೈಟುಗಳು. ಪ್ಯಾನ್, ಖಾತೆ ನಂಬರು, ಸಂಬಳ ಇರುವ ಫೈಲನ್ನು ಗುರುತಿಲ್ಲದವರ ಸರ್ವರಿಗೆ ಕಳಿಸುವುದು ಅಂದರೆ ಬೀರುವಿನ ಕೀಲಿ ಕೊಟ್ಟ ಹಾಗೆ.

ನಿಮಗೆ ಯಾವುದು

ಅಪಾರ್ಟ್‌ಮೆಂಟ್ ಸಂಘ, ಚಿಕ್ಕ ಅಂಗಡಿ, ತಿಂಗಳಿಗೆ ಐದಾರು ಫೈಲು, ಕಾಲಂ ಕ್ರಮ ಬದಲಾಗುವುದಿಲ್ಲ ಅನ್ನುವವರಿಗೆ ಲಿಬ್ರೆಆಫೀಸು, ಆ ಮಂತ್ರದ ಸಾಲಿನ ಜೊತೆ. ನಮ್ಮ ಸಂಘದಲ್ಲಿ ಈಗ ಹಾಗೇ ನಡೆಯುತ್ತಿದೆ. ಸಾಲನ್ನು ಒಂದು ಪುಟ್ಟ ಸ್ಕ್ರಿಪ್ಟಿನೊಳಗೆ ಇಟ್ಟಿದ್ದೇನೆ, ಖಜಾಂಚಿ ಅಂಕಲ್ ಡಬಲ್ ಕ್ಲಿಕ್ ಮಾಡುತ್ತಾರೆ, ಅಷ್ಟೇ.

ಆಡಿಟರ್ ಆಫೀಸಿನ ತಂಗಿಗೆ ಡಕ್‌ಡಿಬಿ ಹೇಳಿದೆ. ಅವಳಿಗೆ ಬರುವ ಫೈಲು ಹತ್ತು ಗಿರಾಕಿಗಳದ್ದು, ಹತ್ತು ರೀತಿಯ ಕಾಲಂ ಕ್ರಮ. ಹೆಸರು ಹಿಡಿದು ಹೇಳುವ ಟೂಲೇ ಬೇಕು, ಗಾತ್ರವೂ ಜಾಸ್ತಿ. ಅಂದಚಂದ ಯಾರೂ ಕೇಳುವುದಿಲ್ಲ, ಸರಿಯಿದ್ದರೆ ಸಾಕು. ಎಲ್ಲೆಲ್ಲಿ ಗೊತ್ತಿಲ್ಲವೋ ಅಲ್ಲೆಲ್ಲ ನನ್ನ ಮೊದಲ ಆಯ್ಕೆಯೂ ಇದೇ.

ಪೀಣ್ಯದ ಗೆಳೆಯನಿಗೆ ಪೈಥಾನ್. ಅವನ ಪಟ್ಟಿ ಪ್ರತಿ ವಾರ ಗಿರಾಕಿ ಕಂಪನಿಗೆ ಹೋಗುತ್ತದೆ, ಅವರು ಕೇಳಿದ ರೂಪದಲ್ಲೇ ಇರಬೇಕು, ಮೂರು ಶೀಟು. ಸ್ಕ್ರಿಪ್ಟ್ ನಾನು ಬರೆದೆ, ಅವನ ಮಗಳು ಈಗ ಇಂಜಿನಿಯರಿಂಗ್ ಎರಡನೇ ವರ್ಷ, ಅವಳು ನೋಡಿಕೊಳ್ಳುತ್ತಾಳೆ. ಆ ಮಗಳು ಇಲ್ಲದಿದ್ದರೆ ಡಕ್‌ಡಿಬಿಯಿಂದ ಬೋಳು ಫೈಲು ಮಾಡಿ, ಮೊದಲೇ ಸಿಂಗರಿಸಿಟ್ಟ ಟೆಂಪ್ಲೇಟಿಗೆ ಅಂಟಿಸಿಕೋ ಅನ್ನುತ್ತಿದ್ದೆ.

ಲಿನಕ್ಸ್ ಸರ್ವರಿನಲ್ಲಿ ಬರೀ ಹೆಸರು-ಮೊತ್ತದ ಫೈಲುಗಳನ್ನು ಶೀಟುಶೀಟಾಗಿ ಜೋಡಿಸುವುದಷ್ಟೇ ಇದ್ದರೆ ಎಸ್‌ಎಸ್‌ಕನ್ವರ್ಟ್.

ಯಾವುದನ್ನೇ ಆರಿಸಿ, ನಿಮ್ಮ ನಿಜವಾದ ಫೈಲು ಕೊಡುವ ಮುಂಚೆ ತಲೆಸಾಲು, ಅದರ ಕೆಳಗೆ ಒಂದೇ ಸಾಲು ಇರುವ ಆರು ಕಾಲಮಿನ ಒಂದು ಸಿಎಸ್‌ವಿ ಕೈಯಲ್ಲೇ ಬರೆದು ಓಡಿಸಿ. ಒಂದು ಕಾಲಮಿನಲ್ಲಿ 0901, ಒಂದರಲ್ಲಿ 2ಇ4 (ಇಂಗ್ಲಿಷಿನ ಇ), ಒಂದರಲ್ಲಿ 12/3, ಒಂದರಲ್ಲಿ 16 ಅಂಕಿಯ ಸುಳ್ಳು ಖಾತೆ ನಂಬರು, ಒಂದರಲ್ಲಿ “ಮನೆ”, ಕೊನೆಯದರಲ್ಲಿ ಇಂಗ್ಲಿಷಿನ ಎನ್‌ಎ. ಖಾತೆ ನಂಬರಿನ ಕೊನೆಯ ಅಂಕಿ ಸೊನ್ನೆ ಇಡಬೇಡಿ, 7 ಇಡಿ. ಬದಲಾಯಿಸಿದ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಆ 7 ಇದೆಯಾ ಅಂತ ಮೊದಲು ನೋಡಿ.